ನಾಲ್ಕನೇ ಕೋಣೆಯ ಬೆವರು

ಕಟ್ಟಡ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಹೇಳಿದವರು ಯಾರು, ಕಟ್ಟಿದವನೋ ಅದರಲ್ಲಿ ಇರುವವನೋ ಎಂದು. ಗಿಲಾವು ಒಣಗಿ ಬಣ್ಣ ಬಿದ್ದ ಮಾತ್ರಕ್ಕೆ ಕಟ್ಟಡ ಮುಗಿಯುವುದಿಲ್ಲ. ಎಲ್ಲ ನಳಗಳನ್ನೂ ಒಮ್ಮೆಲೇ ತಿರುವಿ ಮೇಲಿನ ಅಂತಸ್ತಿಗೆ ನೀರು ಏರುತ್ತದೆಯೇ ನೋಡಬೇಕು. ಎಲ್ಲ ದೀಪ, ಎಲ್ಲ ಫ್ಯಾನು ಒಟ್ಟಿಗೆ ಹಾಕಿ ಫ್ಯೂಸು ತಾಳುತ್ತದೆಯೇ ನೋಡಬೇಕು. ಬಚ್ಚಲಿಗೆ ಒಂದು ಕೊಡ ನೀರು ಸುರಿದು ಅದು ಮೋರಿಯ ಕಡೆ ಹೋಗುತ್ತದೆಯೋ ಬಾಗಿಲ ಕಡೆ ಬರುತ್ತದೆಯೋ ಎಂದು ನಿಂತು ನೋಡಬೇಕು. ಆಮೇಲೆ ಬೇಕಾದರೆ ಕಟ್ಟಿದವನಿಗೆ ಶಾಲು ಹೊದಿಸಿ. ಇದನ್ನು ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ. ನನಗೆ ಪುಕ್ಕಟೆ ಸಿಕ್ಕಿದ್ದಲ್ಲ.

ನಮ್ಮ ಕಡೆ ಯಂತ್ರ ಓಡತೊಡಗಿದರೆ 'ಚಾಲೂ ಆತು' ಅನ್ನುತ್ತೇವೆ. ಅಂಗಡಿ ತೆರೆದರೂ ಚಾಲೂ, ಮಳೆ ಹಿಡಿದರೂ ಚಾಲೂ. ಎದುರಿನವನ ಮನಸ್ಸಿನಲ್ಲಿರುವ ದರ ಅವನ ಬಾಯಿಗೆ ಬರುವ ಮೊದಲೇ ತಿಳಿದುಕೊಳ್ಳುವ ಮನುಷ್ಯನಿಗೂ ಚಾಲೂ ಅನ್ನುತ್ತೇವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದರು. ನಾನೂ ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೆ.

ಆ ಪೇಟೆಗೆ ನಾನು ಬಂದದ್ದು ಚೀಲ ಹೊಲಿಯುವವನಾಗಿ. ನನ್ನ ಜೊತೆಗೆ ಇನ್ನೊಬ್ಬನಿದ್ದ, ನನ್ನ ಗೆಳೆಯ. ಒಂದೇ ಓಣಿಯವರು, ಒಂದೇ ವಯಸ್ಸಿನವರು. ತುಂಬಿದ ಚೀಲದ ಬಾಯಿಯನ್ನು ಒಬ್ಬ ಹಿಡಿಯಬೇಕು, ಇನ್ನೊಬ್ಬ ದಬ್ಬಣದಿಂದ ಸುತಳಿ ಹಾಕಬೇಕು. ಘಾಟಿಗೆ ಒಬ್ಬ ಸೀನಿದರೆ ಇನ್ನೊಬ್ಬ ಕೈ ಬಿಡಬಾರದು, ಬಿಟ್ಟರೆ ಕಾಯಿ ನೆಲಕ್ಕೆ. ಇಬ್ಬರೂ ಮೂಗಿಗೆ ವಸ್ತ್ರ ಕಟ್ಟಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಎಷ್ಟೋ ಸುಗ್ಗಿಗಳನ್ನು ಹಾಗೆ ಕಳೆದೆವು. ಅವನು ಕೈ ಬಿಟ್ಟದ್ದು ನನಗೆ ನೆನಪಿಲ್ಲ.

ವ್ಯಾಪಾರ ಕಲಿತದ್ದೂ ಒಟ್ಟಿಗೇ. ನನ್ನ ಸೋದರಮಾವ ಎತ್ತಿನ ವ್ಯಾಪಾರಿ. ಹಾವೇರಿಯ ದನದ ಸಂತೆಗೆ ಹೋಗುವಾಗ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ಕೊಡುವವನ ಕೈ ಕೂಡಿಸಿ ಮೇಲೆ ಟವೆಲು ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ದರ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಟವೆಲು ಮಾತ್ರ. ಮಾವ ನಮಗೆ ಬೆರಳಿನ ಲೆಕ್ಕಕ್ಕಿಂತ ಮೊದಲು ಕಲಿಸಿದ್ದು ಬೇರೆ.

"ಬೆರಳ ಆಮ್ಯಾಲೆ. ಮೊದಲ ಅಂಗೈ ನೋಡ್ರಲೇ. ಅಂಗೈ ಬೆವತಿತ್ತಂದ್ರ ಅಂವ ಏನೋ ಮುಚ್ಚಿಟ್ಟಾನ ಅಂತ ತಿಳೀರಿ. ಎತ್ತಿಗಿ ಕಾಲ ಐಬೋ, ಅಂವಂಗ ರೊಕ್ಕದ ಗರಜೋ, ಏನರ ಇರತೈತಿ."

ಆ ಮಾತಿನ ಮೇಲೆ ನಾನು ನನ್ನ ಇಡೀ ಬದುಕು ಕಟ್ಟಿದ್ದೇನೆ. ನೀವೂ ಯಾರೊಡನಾದರೂ ವ್ಯವಹಾರ ಮಾಡುವ ಮುನ್ನ ಕೈ ಕುಲುಕಿ. ಸಭ್ಯತೆಗೆ ಅಲ್ಲ.

ಗೆಳೆಯ ಮುಂದೆ ರಾಣೇಬೆನ್ನೂರಿನ ಅರಿವೆ ಅಂಗಡಿಯವರ ಮನೆಯ ಅಳಿಯನಾಗಿ ಗಾದಿಯ ಮೇಲೆ ಕುಳಿತ. ನಾನು ಬ್ಯಾಡಗಿಯಲ್ಲೇ ದಲಾಲಿಯಾದೆ, ಸ್ವಂತ ಅಂಗಡಿ ಹಾಕಿದೆ. ಚೀಲಗಳ ಮೇಲೆ ಹೊಡೆಯಲು ನನ್ನದೇ ಒಂದು ಮಾರ್ಕಾ ಮಾಡಿಸಿಕೊಂಡೆ: ತಗಡಿನಲ್ಲಿ ಕೊರೆದ ಹುಂಜ. ತಗಡನ್ನು ಚೀಲದ ಮೇಲಿಟ್ಟು ನೇರಳೆ ಬಣ್ಣ ಬಳಿದರೆ ಕತ್ತೆತ್ತಿ ಕೂಗುವ ಹುಂಜ ಮೂಡುತ್ತದೆ. ಆ ಬಣ್ಣ ತೊಳೆದರೆ ಹೋಗುವಂಥದ್ದಲ್ಲ. ಹಳೆಯ ಚೀಲಕ್ಕೆ ಸುಣ್ಣ ಬಳಿದು ಬೇರೆ ಮಾರ್ಕಾ ಹೊಡೆಯುವ ಕಳ್ಳರು ಪೇಟೆಯಲ್ಲಿ ಇದ್ದರು. ಸುಣ್ಣಕ್ಕೆ ಒಂದಿಷ್ಟು ಹಸಿ ತಗಲಿದರೆ ಸಾಕು, ಕೆಳಗಿನ ನೇರಳೆ ಮೇಲೆ ಬಂದು ನಿಲ್ಲುತ್ತಿತ್ತು. ಚೀಲ ಹೊಲಿದವರಿಗೆಲ್ಲ ಇದು ಗೊತ್ತಿದ್ದದ್ದೇ.

ತೊಂಬತ್ತರ ದಶಕದ ನಡುವೆ ನಾವಿಬ್ಬರೂ ಪಾಲಿನಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟಲು ಹೊರಟೆವು. ನಮ್ಮ ಕಾಯಿಯ ಬೆಲೆ ಇರುವುದು ಅದರ ಖಾರದಲ್ಲಿ ಅಲ್ಲ, ಬಣ್ಣದಲ್ಲಿ. ಸುಗ್ಗಿಯಲ್ಲಿ ರಕ್ತದಂತಿರುವ ಕಾಯಿ ಮಾಮೂಲಿ ಗೋದಾಮಿನಲ್ಲಿ ಒಂದು ಮಳೆಗಾಲ ಕಳೆದರೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ತಂಪಿನಲ್ಲಿ ಇಟ್ಟರೆ ಹಾಗೇ ಉಳಿಯುತ್ತದೆ. ಆಗ ನಮ್ಮಲ್ಲಿ ಅಂಥ ಕಟ್ಟಡಗಳು ಇನ್ನೂ ಹೊಸವು. ರೈತರಿಗೆ ನಂಬಿಕೆ ಇರಲಿಲ್ಲ. "ಐಸಕ್ರೀಮ್ ಇಟ್ಟಂಗ ಮೆಣಸಿನಕಾಯಿ ಇಡ್ತಾರಂತ" ಎಂದು ನಗುತ್ತಿದ್ದರು. ನಾನು ಒಬ್ಬೊಬ್ಬರನ್ನೂ ಕೂರಿಸಿ ಚಹಾ ಕುಡಿಸಿ ಒಪ್ಪಿಸಿದೆ.

ಅವರಲ್ಲಿ ಕದರಮಂಡಲಗಿಯ ಒಬ್ಬ ಅಜ್ಜನಿದ್ದ. ಹಿಂದಿನ ಮಳೆಗಾಲದಲ್ಲಿ ಯಾರದೋ ಗೋದಾಮಿನಲ್ಲಿ ಅವನ ಮಾಲು ಬಣ್ಣ ಕಳೆದುಕೊಂಡಿತ್ತು. ಈ ಸಲ ನನ್ನ ಮಾತು ಕೇಳಿ ಕಾಯಿಯನ್ನು ಯಾರಿಗೂ ಮಾರದೆ, ಯಾರ ಗೋದಾಮಿಗೂ ಹಾಕದೆ, ಕಣದಲ್ಲಿ ಚೀಲ ಒಟ್ಟಿ ತಾಡಪತ್ರಿ ಹೊದಿಸಿ ಕಾಯುತ್ತಿದ್ದ. ಅವನಂತೆ ಇನ್ನೂ ಕೆಲವರು. ಬೇಸಿಗೆಯ ಕೊನೆಗೆ ಬರುವ ಅಡ್ಡಮಳೆ ಶುರುವಾಗುವ ಮುನ್ನ ಅವರ ಚೀಲಗಳು ನಮ್ಮ ಒಳಗೆ ಬರಬೇಕು. ಇಷ್ಟೇ ನನ್ನ ಎದೆಯ ಮೇಲಿದ್ದ ಭಾರ. ಅಜ್ಜ ಪೇಟೆಗೆ ಬಂದಾಗಲೆಲ್ಲ ಅಂಗಡಿಯ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ.

"ಚಾಲೂ ಆತೇನಪಾ ನಿಂದು?"

"ಇನ್ನೇನ್ ಆಕ್ಕೈತಿ ಅಜ್ಜಾ."

"ಅಲ್ಲ, ಮಳಿ ನಿನಗಿಂತ ಮೊದಲ ಚಾಲೂ ಆದೀತು ಅಂತ ಕೇಳಿದೆ."

ಕಟ್ಟಡದ ಕೆಲಸವನ್ನು ನಾವು ಹಂಚಿಕೊಂಡಿದ್ದೆವು. ಅದು ಸುಗ್ಗಿಯ ಹೊತ್ತು, ನಾನು ಪೇಟೆ ಬಿಟ್ಟು ಅಲುಗುವಂತಿರಲಿಲ್ಲ. ಗೆಳೆಯನೇ ಹೇಳಿದ, "ಗೋಡಿ ನಂಗ ಬಿಡು. ಮಶೀನ ನೀ ನೋಡ್ಕೋ. ನಾ ಅರಿವಿ ಮಳಾ ಹಾಕಿ ಅಳಿಯಾಂವ, ಒಂದ ಬೆರಳ ಹೆಚ್ಚುಕಮ್ಮಿ ಆಗೂದಿಲ್ಲ."

ಕೋಲ್ಡ್ ಸ್ಟೋರೇಜ್ ಅಂದರೆ ಗೋಡೆಯ ಒಳಮೈಗೆ ಥರ್ಮೋಕೋಲ್ ಹಾಳೆಗಳನ್ನು ಕಾಸಿದ ಡಾಂಬರಿನಿಂದ ಅಂಟಿಸಬೇಕು. ಒಂದು ಪದರದ ಮೇಲೆ ಇನ್ನೊಂದು, ಮೊದಲನೆಯದರ ಸಂದಿ ಎರಡನೆಯದರ ಹಾಳೆಯಲ್ಲಿ ಮುಚ್ಚಿಹೋಗುವಂತೆ. ಅದರ ಮೇಲೆ ತಂತಿಯ ಕೋಳಿಜಾಳಿಗೆ ಬಡಿದು ಸಿಮೆಂಟು ಗಿಲಾವು. ಗಿಲಾವು ಬಿದ್ದ ಮೇಲೆ ಒಳಗೆ ಏನಿದೆ ಎಂಬುದು ಗೋಡೆಗೆ ಮತ್ತು ಗೋಡೆ ಕಟ್ಟಿಸಿದವನಿಗೆ ಮಾತ್ರ ಗೊತ್ತು. ಹಾಳೆಗಳ ಲಾರಿ ಬಂದ ದಿನ ನಾನೇ ನಿಂತು ಇಳಿಸಿಕೊಂಡೆ. ಬಯಲಲ್ಲಿ ಬಿದ್ದ ಮಾಲು, ಯಾರಾದರೂ ಒಂದೆರಡು ಎತ್ತಿಕೊಂಡು ಹೋದಾರು ಎಂದು ನಮ್ಮ ಹಮಾಲರಿಂದ ಪ್ರತಿ ಹಾಳೆಯ ಮೇಲೂ ಹುಂಜ ಹೊಡೆಸಿದೆ. ಗೆಳೆಯ ಅಂದು ಅಲ್ಲಿರಲಿಲ್ಲ. ಮಾರನೆಯ ದಿನ ಬಂದು ನೋಡಿ ನಕ್ಕ.

"ಲೇ, ನಿನ್ನ ಹೇಂತಿಗಿ ಒಂದ ಹೊಡದೀದೇನು, ಇಲ್ಲೋ?"

"ಆಕಿ ನನಗ ಹೊಡದಾಳ."

ಹೀಗೆ ನಗುತ್ತ ನಗುತ್ತಲೇ ಗೋಡೆಗಳು ಎದ್ದವು.

ಯಂತ್ರ ಬಂತು. ಅದನ್ನು ಜೋಡಿಸಲು ಬಂದವರು ರಾಣೇಬೆನ್ನೂರಿನ ಒಬ್ಬ ಮುಸಲ್ಮಾನ ಫಿಟ್ಟರ್. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಯಂತ್ರ ಜೋಡಿಸುವಾಗಷ್ಟೇ ಅಲ್ಲ, ಗೋಡೆಯ ಕೆಲಸ ನಡೆಯುವಾಗಲೂ ಪೈಪಿಗೆ ಕೊಂಡಿ ಹಾಕಲು ಅವರು ಅಲ್ಲೇ ಇದ್ದರು. ಮಾತು ಕಡಿಮೆ, ಬೀಡಿ ಹೆಚ್ಚು. ಅಮೋನಿಯಾ ತುಂಬುವ ಮುನ್ನ ಪೈಪುಗಳಿಗೆಲ್ಲ ಗಾಳಿಯ ಒತ್ತಡ ಕೊಟ್ಟು, ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಚಾಚಾ ಅದಕ್ಕೆ ಗಡ್ಡ ಕೆರೆಯುವ ಬ್ರಷ್ಷೇ ಬೇಕೆಂದರು. ನಾನು ನಮ್ಮ ಹಡಪದ ಅಣ್ಣನ ಅಂಗಡಿಯಿಂದ ಕೇಳಿ ತಂದೆ. ಇಡೀ ಯಂತ್ರಕ್ಕೆ ಕ್ಷೌರ ಮಾಡಿಸುತ್ತಿರುವಂತೆ ಕಾಣುತ್ತಿತ್ತು. ಎರಡು ಕೀಲುಗಳಲ್ಲಿ ಗುಳ್ಳೆ ಎದ್ದವು. ಬಿಚ್ಚಿ ಬಿಗಿದು ಮತ್ತೆ ನೊರೆ ಹಚ್ಚಿದರು. ಅಮೋನಿಯಾ ಹೊಕ್ಕ ಮೇಲೆ ಗಂಧಕದ ಬತ್ತಿ ಹಚ್ಚಿ ಕೀಲುಗಳ ಬಳಿ ಹಿಡಿದರು. ಸೋರಿಕೆ ಇದ್ದರೆ ಬಿಳಿ ಹೊಗೆ ಏಳುತ್ತದೆ. ಏಳಲಿಲ್ಲ. ನಾನು ಅವರ ಹಿಂದೆಯೇ ಸುತ್ತಿ ಒಂದೊಂದು ಕೀಲನ್ನೂ ಎರಡು ಸಲ ತೋರಿಸಿಕೊಂಡೆ. ನನ್ನ ಪಾಲಿಗೆ ಬಂದದ್ದು ಯಂತ್ರ. ಅದರಲ್ಲಿ ನಾನು ಯಾರನ್ನೂ ನಂಬಲಿಲ್ಲ. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ, ಅದು ಗೆಳೆಯನ ಪಾಲು.

ಗುಂಡಿ ಒತ್ತುವ ದಿನ ಗೆಳೆಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಅಜ್ಜನೂ ಇನ್ನಷ್ಟು ರೈತರೂ ಬಂದಿದ್ದರು. ತೆಂಗಿನಕಾಯಿ ಒಡೆದು ಚಾಚಾ ಸ್ವಿಚ್ ಹಾಕಿದರು. ಯಂತ್ರ ಒಮ್ಮೆ ನಡುಗಿ, ಗೊರಗೊರ ಎಂದು, ಆಮೇಲೆ ಒಂದೇ ಸಮನೆ ಓಡತೊಡಗಿತು.

"ಚಾಲೂ ಆತು ನೋಡ್ರಿ," ಎಂದು ಗೆಳೆಯ ಎಲ್ಲರಿಗೂ ಕೇಳುವಂತೆ ಹೇಳಿದ. "ಮಶೀನೂ ಚಾಲೂ, ಮಾಲಕರೂ ಚಾಲೂ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಾಚಾ ಮಾತ್ರ ಬೀಡಿ ಹಚ್ಚಿಕೊಂಡು ಹೊರಗೆ ಹೋದರು. ಅದನ್ನು ನಾನು ಕಂಡೆ. ಬೀಡಿಯ ಚಟ ಎಂದುಕೊಂಡೆ.

ಕೋಣೆಗಳು ನಾಲ್ಕು. ಪ್ರತಿಯೊಂದರಲ್ಲೂ ಥರ್ಮಾಮೀಟರು ನೇತುಹಾಕಿ ಯಂತ್ರವನ್ನು ಓಡಲು ಬಿಟ್ಟೆವು. ಹೊಸ ಕಟ್ಟಡವನ್ನು ಒಮ್ಮೆಲೇ ತಂಪು ಮಾಡಬಾರದು, ಗಿಲಾವು ಬಿರಿಯುತ್ತದೆ, ಮೆಲ್ಲಗೆ ಇಳಿಸಬೇಕು. ಮೂರು ಕೋಣೆಗಳು ಹೇಳಿದಂತೆ ಇಳಿದವು. ನಾಲ್ಕನೆಯದು ಅರ್ಧಕ್ಕೆ ನಿಂತಿತು. ಯಂತ್ರ ಓಡುತ್ತಿದ್ದರೆ ಹಾಗೇ ನಿಲ್ಲುತ್ತಿತ್ತು, ಬಂದ್ ಮಾಡಿದರೆ ಉಳಿದ ಮೂರು ಕೋಣೆಗಳು ತಂಪು ಹಿಡಿದುಕೊಂಡಿರುವಾಗ ಇದು ಬಿಸಿಯಾಗಿಬಿಡುತ್ತಿತ್ತು. ಬಾಗಿಲ ರಬ್ಬರು ನೋಡಿದೆವು. ಥರ್ಮಾಮೀಟರು ಅದಲುಬದಲು ಮಾಡಿದೆವು. ಚಾಚಾ ವಾಲ್ವು ಬಿಚ್ಚಿ ತೊಳೆದರು. ಏನೂ ಇಲ್ಲ.

ಗೆಳೆಯನಿಗೆ ಫೋನು ಮಾಡಿದೆ.

"ಮಶೀನ ಹೊಸದು, ಹೊಂದಿಕೊಳ್ಳಾಕ ಟೈಮ್ ಬೇಕು," ಅಂದ. "ನೀ ಸುಮ್ನ ಮಾಲ ತುಂಬು. ಮಾಲ ತುಂಬಿದ ಮ್ಯಾಲೆ ತಂಪು ತಾನ ಹಿಡೀತೈತಿ."

"ಹಿಡೀದಿದ್ರ? ಅಜ್ಜನ ಕಾಯಿ ಕೆಟ್ಟರ?"

"ಕೆಟ್ಟದ್ದು ಯಾರಿಗಿ ಗೊತ್ತಾಕ್ಕೈತೋ ಮಾರಾಯಾ? ದಸರಾಕ್ಕ ಚೀಲ ಬಿಚ್ಚಿದಾಗ ಬಣ್ಣ ಹೋಗಿದ್ರ ಕಾಯಿನ ಹಂತಾದ್ದಿತ್ತು ಅಂದ್ರಾತು. ನಿನಗ ಮಾತ ಬರೂದಿಲ್ಲೇನು?"

ನಾನು ಫೋನು ಇಟ್ಟೆ. ವ್ಯಾಪಾರದಲ್ಲಿ ಮಾತು ತಿರುವುವುದು ನನಗೂ ಗೊತ್ತು. ಆದರೆ ಇದು ಬೇರೆ. ಆಗಲೂ ನನಗೆ ಸಿಟ್ಟು ಬಂದದ್ದು ಅವನ ಅಸಡ್ಡೆಯ ಮೇಲೆ, ಅಷ್ಟೇ. ಸಂಶಯ ಬರಲಿಲ್ಲ.

ಮುಂದಿನ ವಾರ ಮೊದಲ ಅಡ್ಡಮಳೆ ಬಿತ್ತು. ಮರುದಿನ ಬೆಳಿಗ್ಗೆ ಹೋಗಿ ಮಾಲು ಇಳಿಸುವ ಪಡಸಾಲೆಯಲ್ಲಿ ನಿಂತೆ. ಗಾಳಿಯಲ್ಲಿ ಹಸಿ ಇತ್ತು. ನಾಲ್ಕು ಕೋಣೆಗಳ ಹೊರಗೋಡೆಗಳೂ ಆ ಪಡಸಾಲೆಗೇ ಕಾಣುತ್ತವೆ. ಮೂರು ಗೋಡೆಗಳು ಒಣಗಿದ್ದವು. ನಾಲ್ಕನೇ ಕೋಣೆಯ ಗೋಡೆ ಮಾತ್ರ ಮೇಲಿಂದ ಕೆಳಗಿನವರೆಗೆ ಬೆವತಿತ್ತು. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುತ್ತದಲ್ಲ, ಹಾಗೆ. ಅಂಗೈ ಇಟ್ಟೆ. ಕೈ ಒದ್ದೆಯಾಗಿ ಬಂತು. ಒಳಗಿನ ತಂಪು ಗೋಡೆಯ ಮೂಲಕ ಹೊರಗೆ ಹೋಗುತ್ತಿತ್ತು. ಒಳಗೆ ಇರಬೇಕಾದದ್ದು ಇರಲಿಲ್ಲ.

ಮಾವನ ಮಾತು ನೆನಪಾಯಿತು. ಆದರೂ ನಾನು ಬೈದದ್ದು ಡಾಂಬರು ಕೆಲಸಕ್ಕೆ ಬಂದು ಹೋದ ಪರಊರಿನ ಕೂಲಿಯವರನ್ನು. ಗೆಳೆಯನ ಕಣ್ಣು ತಪ್ಪಿಸಿ ಹಾಳೆ ಮಾರಿಕೊಂಡಿದ್ದಾರೆ ಎಂದುಕೊಂಡೆ. ಪಾಪ, ಅವನಿಗೂ ಮೋಸ ಮಾಡಿದ್ದಾರೆ, ಕರೆದುಕೊಂಡು ಬಂದು ತೋರಿಸಬೇಕು ಎಂದು ಅದೇ ಹೊತ್ತಿಗೆ ರಾಣೇಬೆನ್ನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಹೇಗೆ ಹೇಳಿದರೆ ನೋವಾಗುವುದಿಲ್ಲ ಎಂದು ಯೋಚಿಸಿದೆ. ನನ್ನ ಚಾಲೂತನದ ಅಳತೆ ಇಷ್ಟು.

ಸುಗ್ಗಿಯಿಂದಾಗಿ ಬಹಳ ದಿನ ನಾನು ಅವನ ಅಂಗಡಿಯ ಕಡೆ ಹೋಗಿರಲಿಲ್ಲ. ಅದನ್ನು ಹೊಸದಾಗಿ ಮಾಡಿಸಿದ್ದ. ಹೊಸ ಗಾದಿ, ಕನ್ನಡಿಗಳು, ತಗಡಿನ ಮಾಡು ಕಾಣದಂತೆ ಕೆಳಗೆ ಬೆಳ್ಳಗಿನ ಸೀಲಿಂಗು. ಮದುವೆಯ ಸೀರೆಗೆಂದು ಬಂದ ಒಂದು ಮನೆತನದ ಹೆಣ್ಣುಮಕ್ಕಳು ಗಾದಿಯ ತುಂಬ ಕೂತಿದ್ದರು. ಗೆಳೆಯ ಒಂದರ ಮೇಲೊಂದು ಸೀರೆ ಬಿಚ್ಚಿ ಒಗೆಯುತ್ತಿದ್ದ.

"ಬಾರೋ ದೋಸ್ತ, ಬಾ, ಕುಂದ್ರು. ಲಗೂ ಒಂದ ತಂಪು ಸೋಡಾ ತರ್ರಿ ಇವ್ರಿಗಿ."

ಗಾದಿಯ ಅಂಚಿಗೆ ಕೂತೆ. ಹೊರಗೆ ಬಿಸಿಲು ಆಗಲೇ ಉರಿಯುತ್ತಿತ್ತು, ಒಳಗೆ ಹಿತವಾಗಿತ್ತು. ಒಬ್ಬ ಹೆಣ್ಣುಮಗಳು ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಅಂಗಡ್ಯಾಗ ಕುಂತ್ರ ಏಳಬೇಕ ಅನಸೂದಿಲ್ಲ ನೋಡ್ರಿ. ಹ್ವಾದ ವರ್ಷ ಇದ ತಗಡಿನ ಕೆಳಗ ಬೆಂದ ಹೋಗಿದ್ವಿ," ಅಂದಳು.

ನಾನು ಮೇಲೆ ನೋಡಿದೆ.

ಹಿಂದಿನ ರಾತ್ರಿಯ ಮಳೆಗೆ ತಗಡು ಎಲ್ಲೋ ಸೋರಿರಬೇಕು. ಸೀಲಿಂಗಿನ ಒಂದು ಮೂಲೆ ಹಸಿ ಕುಡಿದು ಮಾಸಿತ್ತು. ಆ ಮಾಸಿದ ಸುಣ್ಣದೊಳಗಿಂದ, ಮಸುಕಾಗಿ, ನೇರಳೆ ಬಣ್ಣದ ಒಂದು ಹುಂಜ ಕತ್ತೆತ್ತಿ ನಿಂತಿತ್ತು. ಅದರ ಪಕ್ಕ ಇನ್ನೊಂದರ ಬಾಲ. ಅದರಾಚೆ ಒಂದು ಜುಟ್ಟು. ಮೇಲಿಂದ ನನ್ನನ್ನೇ ನೋಡಿ ಕೂಗುತ್ತಿರುವಂತೆ.

ಸೋಡಾ ಬಂತು. ಕುಡಿದೆ.

ಗೆಳೆಯ ನನ್ನ ಕಣ್ಣು ಎಲ್ಲಿದೆ ಎಂದು ನೋಡಿ ತಾನೂ ಮೇಲೆ ನೋಡಿದ. ಕೈಯಲ್ಲಿದ್ದ ಸೀರೆಯ ಮಡಿಕೆ ಅರ್ಧಕ್ಕೆ ನಿಂತಿತು. ಚೀಲ ಹೊಲಿದು ಬೆಳೆದವನಿಗೆ ಆ ಬಣ್ಣ ಸುಣ್ಣಕ್ಕೆ ಜಗ್ಗುವುದಿಲ್ಲ ಎಂದು ನೆನಪಿರಬೇಕಿತ್ತು. ಸೀರೆ ಮಾರಿ ಮಾರಿ ಮರೆತಿದ್ದ.

ಹೆಣ್ಣುಮಕ್ಕಳು ತಮ್ಮ ತಮ್ಮೊಳಗೆ ಬಣ್ಣ ಆರಿಸುವುದರಲ್ಲಿ ಮುಳುಗಿದ್ದರು. ಅವನು ನನ್ನ ಪಕ್ಕ ಬಂದು ಕೂತ. ಮೆಲ್ಲಗೆ ಕೇಳಿದೆ, "ನಾಲ್ಕನೇ ಕೋಣಿಗಿ ಎಷ್ಟ ಪದರ ಹಾಕ್ಸೀದಿ?"

"ಒಂದ ಪದರ ಐತಲ್ಲ. ಪೂರಾ ಬಿಟ್ಟೇನೇನು?"

"ಎರಡನೇದು ನಿನ್ನ ತಲೀ ಮ್ಯಾಲೈತಿ."

"ಹೆಣ್ಮಕ್ಕಳು ಸೆಕಿಗೆ ಕುಂದರತಿರಲಿಲ್ಲಪಾ. ಬರೂದು, ಒಂದ ಸೀರಿ ನೋಡೂದು, ಎದ್ದ ಹೋಗೂದು. ಎದರಿನ ಅಂಗಡ್ಯಾಂವ ಕೂಲರ್ ಹಾಕ್ಸಿದ್ದ. ನಾ ಏನ ಮಾಡ್ಲಿ?"

"ಕೇಳಿದ್ರ ನಾನ ಕೊಡಿಸ್ತಿದ್ನಲ್ಲೋ. ಬ್ಯಾರೆ ಲಾರಿ ತರಸ್ತಿದ್ದೆ."

ಅವನು ನನ್ನ ಮುಖ ನೋಡಿದ. ನಾಚಿಕೆ ಇರಲಿಲ್ಲ ಆ ನೋಟದಲ್ಲಿ. ಬೇಸರ ಇತ್ತು, ತಿಳಿಯದವನಿಗೆ ತಿಳಿಹೇಳುವವನ ಬೇಸರ.

"ಕೇಳಿದ್ರ ನೀ ಚೌಕಾಸಿ ಮಾಡ್ತಿದ್ದಿ," ಅಂದ.

ಈ ಮಾತಿಗೆ ನನ್ನ ಬಳಿ ಉತ್ತರ ಇಲ್ಲ ಎಂದಲ್ಲ. ಇದೆ. ಮಾಡುತ್ತಿದ್ದೆ, ಆಮೇಲೆ ಕೊಡುತ್ತಿದ್ದೆ. ಆದರೆ ಆ ಹೊತ್ತಿಗೆ ನಾನು ಹೇಳಿದ್ದು ಇಷ್ಟೇ: "ಅಜ್ಜ ಕಣದಾಗ ಚೀಲ ಒಟ್ಟಿ ಕುಂತಾನ. ನಿನ್ನಿ ಮಳಿ ಬಂತು. ನನ್ನ ಮಾತಿನ ಮ್ಯಾಲೆ ಕುಂತಾನ ಅಂವ."

ಗೆಳೆಯ ಬಿಚ್ಚಿದ್ದ ಒಂದು ಸೀರೆಯನ್ನು ನಮ್ಮಿಬ್ಬರ ತೊಡೆಯ ಮೇಲೆ ಎಳೆದುಕೊಂಡು, ಅದರ ಕೆಳಗೆ ನನ್ನ ಕೈ ಹಿಡಿದ. ಸಂತೆಯಲ್ಲಿ ಹಿಡಿದಂತೆಯೇ. ಬೆರಳು ಒತ್ತಿದ. ಮಾತಿಗೆ ಬರೋಣ, ಒಂದು ಕಡೆ ನಿಲ್ಲಿಸೋಣ ಎಂಬ ಹಿಡಿತ ಅದು. ಸುತ್ತಲಿನವರಿಗೆ ಇಬ್ಬರು ಗೆಳೆಯರು ಸೀರೆ ನೋಡುತ್ತಿರುವಂತೆ ಕಂಡಿರಬೇಕು.

ಅವನ ಅಂಗೈ ಒಣಗಿತ್ತು. ಬೆಚ್ಚಗೆ, ಒಣಗಿ, ನಿರಾಳವಾಗಿ ಇತ್ತು. ಬೆವತಿದ್ದದ್ದು ನನ್ನದು.

ಇಲ್ಲಿಯವರೆಗೆ ನಿಮಗೆ ಕೈ ಹಿಡಿದು ನೋಡಿ ಎಂದು ಬುದ್ಧಿ ಹೇಳಿದೆನಲ್ಲ, ಅದಕ್ಕೆ ಒಂದು ತಿದ್ದುಪಡಿ ಇದೆ. ತಾನು ಮಾಡಿದ್ದು ಸರಿ ಎಂದು ಪೂರಾ ನಂಬಿದವನ ಕೈ ಬೆವರುವುದಿಲ್ಲ. ಇದನ್ನು ಮಾವ ನನಗೆ ಹೇಳಿರಲಿಲ್ಲ. ಅವನ ವ್ಯಾಪಾರ ಎತ್ತುಗಳದು. ಅಲ್ಲಿ ಈ ಪ್ರಸಂಗ ಬಂದಿರಲಿಕ್ಕಿಲ್ಲ.

ನಾನು ಕೈ ಹೊರಗೆ ತೆಗೆದುಕೊಂಡೆ.

"ಹಾಳಿ ಇಳಸು," ಎಂದು ಎದ್ದೆ. "ನಾಳಿಗಿ ಲಾರಿ ಕಳಸ್ತೇನಿ. ಇಳಸದಿದ್ರ ಇದ ಗಾದಿ ಮ್ಯಾಲೆ ಕುಂತು ಬಂದಬಂದವ್ರಿಗೆ ಮ್ಯಾಲೆ ಕೋಳಿ ಎಣಸ್ರಿ ಅಂತ ಹೇಳ್ತೇನಿ."

"ಅಂಗಡಿ ಸೀಜನ್ನಿನ್ಯಾಗ ಮಾಡ ಬಿಚ್ಚಂತೀದಿ?"

"ನಂದೂ ಸೀಜನ್ನ ಐತೋ."

ಇಳಿಸಿದ. ಸೀಲಿಂಗು ಬಿಚ್ಚಿದ ಧೂಳು ಸೀರೆಗಳ ಮೇಲೆ ಬಿತ್ತೆಂದು ಆಮೇಲೆ ಊರೆಲ್ಲ ನನ್ನನ್ನೇ ಬೈದುಕೊಂಡು ತಿರುಗಿದನಂತೆ. ನಮ್ಮ ಪಾಲು ಆ ವರ್ಷವೇ ಬಿಡಿಸಿಕೊಂಡೆವು. ಆ ವಿಷಯ ಇಲ್ಲಿ ಬೇಡ.

ಹಾಳೆಗಳ ಲಾರಿ ಬ್ಯಾಡಗಿಗೆ ಬಂದಾಗ ಚಾಚಾ ಬಾಗಿಲಲ್ಲಿ ನಿಂತಿದ್ದರು. ಒಂದು ಕಡೆ ಸುಣ್ಣ, ಸುಣ್ಣದ ಕೆಳಗೆ ಹುಂಜ. ಅವರು ಒಂದು ಹಾಳೆ ಎತ್ತಿ ನೋಡಿ, ಏನೂ ಕೇಳದೆ ಕೆಳಗಿಟ್ಟರು. ಆ ಕೇಳದಿರುವಿಕೆಯೇ ನನ್ನನ್ನು ಚುಚ್ಚಿತು.

"ಚಾಚಾ, ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ ಸಾವ್ಕಾರ್ರ. ನನ್ನ ಕಣ್ಣ ಮುಂದ ಟೆಂಪೋಕ್ಕ ಹೇರಿದ್ರು."

"ಮತ್ತ ನನಗ ಯಾಕ ಹೇಳಲಿಲ್ಲ?"

ಅವರು ಬೀಡಿಯನ್ನು ಬಾಯಿಂದ ತೆಗೆದರು. "ಖರೇ ಹೇಳ್ಲೇನ್ರಿ? ನಿಮಗ ಗೊತ್ತಿಲ್ಲದ ಈ ಪ್ಯಾಟ್ಯಾಗ ಒಂದ ಚೀಲ ಅಲಗೂದಿಲ್ಲ ಅಂತಾರ. ಇದೂ ನಿಮ್ಮಿಬ್ಬರ ಒಳಗಿನ ವ್ಯವಹಾರ ಅಂತ ತಿಳದೆ. ದೊಡ್ಡವ್ರ ಮಾತಿನ್ಯಾಗ ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ನಾದೆ."

ಗೆಳೆಯನ ಮಾತಿಗಿಂತ ಇದು ಆಳಕ್ಕೆ ಇಳಿಯಿತು. ಅವನು ಹಾಳೆಗಳನ್ನಷ್ಟೇ ಕದ್ದದ್ದಲ್ಲ. ಕದಿಯುವಾಗ ನನ್ನ ಹೆಸರನ್ನೂ ಜೊತೆಗೆ ಹೇರಿಕೊಂಡು ಹೋಗಿದ್ದ. ನಾನು ಎಷ್ಟೋ ವರ್ಷ ಹೆಮ್ಮೆಯಿಂದ ಹೊತ್ತು ತಿರುಗಿದ ಆ ಒಂದು ಶಬ್ದ ಅವನಿಗೆ ಪರವಾನಗಿಯಂತೆ ಒದಗಿತ್ತು. ಚಾಲೂ ಮನುಷ್ಯನಿಗೆ ಯಾರೂ ಎಚ್ಚರಿಕೆ ಹೇಳುವುದಿಲ್ಲ. ಅವನಿಗೆ ಮೊದಲೇ ಗೊತ್ತಿರುತ್ತದೆ ಎಂದುಕೊಳ್ಳುತ್ತಾರೆ.

ನಾಲ್ಕನೇ ಕೋಣೆಯ ಗಿಲಾವು ಒಡೆಸಿದೆ. ಜಾಳಿಗೆ ಕತ್ತರಿಸಿ, ಡಾಂಬರು ಕಾಸಿ, ಎರಡನೆಯ ಪದರ ಹಚ್ಚಿ, ಮತ್ತೆ ಗಿಲಾವು. ಈ ಸಲ ಅಂಗಡಿಯನ್ನು ಲೆಕ್ಕ ಬರೆಯುವ ಮುನೀಮರಿಗೆ ಬಿಟ್ಟು ನಾನೇ ನಿಂತೆ. ರೈತರಿಗೆ ಇದ್ದದ್ದು ಇದ್ದಂತೆ ಹೇಳಿದೆ: ಹೀಗಾಗಿದೆ, ಇಂಥವನು ಮಾಡಿದ್ದಾನೆ, ಮೂರು ಕೋಣೆಗಳಿಗೆ ಹಿಡಿಯುವಷ್ಟು ಈಗ ತರಿ, ಉಳಿದವರು ಗಿಲಾವು ಒಣಗುವವರೆಗೆ ತಾಳಿ. ಅವರು ತಲೆಯಾಡಿಸಿದರು. ಆದರೆ ಕಟ್ಟೆ ಇಳಿದು ಹೋಗುವಾಗ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಇಬ್ಬರದೂ ಪಾಲಿನ್ಯಾಗ ಜಗಳಾಗೇತಿ, ಅದಕ್ಕ ಹೊರಗ ಬಂದೈತಿ. ಇಲ್ಲಂದ್ರ ಎಲ್ಲಿ ಬರ್ತಿತ್ತು?" ಕೆಲವರು ಮಾಲು ತಂದರು. ಕೆಲವರು ಸಿಕ್ಕ ದರಕ್ಕೆ ಮಾರಿಬಿಟ್ಟರು.

ಕದರಮಂಡಲಗಿಯ ಅಜ್ಜ ಮೂರು ಕೋಣೆಗಳ ಪಾಳಿಯಲ್ಲಿ ಬರಲಿಲ್ಲ. ಗಾಡಿ ಸಿಗಲಿಲ್ಲವೋ, ಮನಸ್ಸಾಗಲಿಲ್ಲವೋ. ಅಷ್ಟರಲ್ಲಿ ಮತ್ತೊಂದು ಮಳೆ ಗಾಳಿಯ ಜೊತೆ ಬಂದು ಅವನ ತಾಡಪತ್ರಿಯನ್ನು ಕಿತ್ತು ಹಾಕಿತು. ಕೆಳಗಿನ ಚೀಲಗಳು ಒದ್ದೆಯಾಗಿ ಬೂಷ್ಟು ಹಿಡಿದವು. ಅವನ್ನು ತಿಪ್ಪೆಗೆ ಸುರಿದ ಎಂದು ಊರವರು ಹೇಳಿದರು. ನನ್ನೆದುರು ಅವನು ಒಂದು ದಿನವೂ ಆ ಮಾತು ಎತ್ತಲಿಲ್ಲ.

ನಾಲ್ಕನೇ ಕೋಣೆಯ ಗಿಲಾವು ಒಣಗಿ ಮತ್ತೆ ಯಂತ್ರ ಹಾಕಿದೆವು. ಈ ಸಲ ತೆಂಗಿನಕಾಯಿ ಒಡೆಯಲಿಲ್ಲ, ಚಾಲೂ ಆಯಿತು ಎಂದು ಯಾರೂ ಕೂಗಲಿಲ್ಲ. ಥರ್ಮಾಮೀಟರು ಇಳಿದು ಉಳಿದ ಮೂರರ ಸಮಕ್ಕೆ ನಿಂತಿತು. ಯಂತ್ರ ಬಂದ್ ಮಾಡಿ ನೋಡಿದೆವು. ಹಿಡಿದುಕೊಂಡಿತು. ಚಾಚಾ, "ಆತ್ರಿ," ಎಂದರು.

ಉಳಿದ ಚೀಲಗಳನ್ನು ಹೇರಿಕೊಂಡು ಅಜ್ಜನ ಗಾಡಿ ಬಂದ ದಿನ ಸಣ್ಣಗೆ ಹನಿಯುತ್ತಿತ್ತು. ನಾನು ಪಡಸಾಲೆಗೆ ಓಡಿ ಬಂದು ಹಮಾಲರನ್ನು ಕೂಗಿದೆ.

"ತಡಿ," ಅಂದ ಅಜ್ಜ.

"ಎಲ್ಲಾ ಸರಿ ಮಾಡೇನಿ ಅಜ್ಜಾ. ನಾನ ನಿಂತು ಮಾಡಿಸೇನಿ. ನನ್ನ ಮಾತ ಕೇಳ್ರಿ."

"ನಿನ್ನ ಮಾತ ಆಮ್ಯಾಲೆ ಕೇಳ್ತೇನಿ ತಮ್ಮಾ. ಮೊದಲ ಗೋಡಿ ಕೇಳ್ತೇನಿ."

ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡ. ನಾಲ್ಕನೇ ಕೋಣೆಯ ಹೊರಗೋಡೆಗೆ ಹೋಗಿ ಅಂಗೈ ಒತ್ತಿ ನಿಂತ. ಎತ್ತಿನ ಮೈ ಮುಟ್ಟಿ ನೋಡುವಂತೆ ಮೇಲೆ, ಕೆಳಗೆ, ಪಕ್ಕಕ್ಕೆ ಕೈ ಆಡಿಸಿದ. ಕೈ ತೆಗೆದು ನೋಡಿಕೊಂಡ. ಒಣಗಿತ್ತು. ಆಮೇಲೆ ಗಾಡಿಯ ಕಡೆ ತಿರುಗಿ ಇಳಿಸಿ ಎಂಬಂತೆ ತಲೆಯಾಡಿಸಿದ.

ಅವನ ಹಿಂದೆ ಬಂದವರೂ ಹಾಗೇ ಮಾಡಿದರು. ಮುಂದಿನ ಸುಗ್ಗಿಯಲ್ಲಿ ಹೊಸಬರೂ ಮಾಡಿದರು, ಯಾಕೆ ಎಂದು ಗೊತ್ತಿಲ್ಲದವರೂ ಮಾಡಿದರು. ಗಾಡಿ ನಿಲ್ಲಿಸುವುದು, ಕೈ ಒರೆಸಿಕೊಳ್ಳುವುದು, ಗೋಡೆ ಮುಟ್ಟುವುದು, ಆಮೇಲೆ ನನಗೆ ನಮಸ್ಕಾರ. ಎದೆಯೆತ್ತರದಲ್ಲಿ ಗೋಡೆಯ ಬಣ್ಣ ಅಂಗೈಗಳಿಂದ ಸವೆದು ಒಂದು ಪಟ್ಟಿಯೇ ಬಿದ್ದಿತ್ತು. ವರ್ಷ ವರ್ಷ ಸುಣ್ಣ ಹೊಡೆಸುತ್ತಿದ್ದೆ, ಸುಗ್ಗಿ ಮುಗಿಯುವಷ್ಟರಲ್ಲಿ ಮತ್ತೆ ಸವೆಯುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆಯುವಾಗ ನಾನೂ ಅದೇ ಜಾಗದಲ್ಲಿ ಕೈ ಇಟ್ಟು ಒಳಗೆ ಹೋಗುತ್ತಿದ್ದೆ.